ಗಣಿತಸಾಗರದ ನಾವಿಕ ಮಹಾವೀರಾಚಾರ್ಯರು

ಅರಸರ ಚರಿತ್ರೆಯನ್ನು ಶಾಸನಗಳು ಸಾರುತ್ತವೆ. ಕವಿಗಳ ಚರಿತ್ರೆಯನ್ನು ಅವರ ಕಾವ್ಯಗಳ ಪೀಠಿಕಾಭಾಗಗಳು ತಿಳಿಸುತ್ತವೆ. ಶಾಸ್ತ್ರಕಾರರ ಚರಿತ್ರೆಯಾದರೋ ಬಹುಮಟ್ಟಿಗೆ ಅವರ ಶಾಸ್ತ್ರದೊಳಗೇ ಅಡಗಿರುತ್ತದೆ. ಕನ್ನಡ ನಾಡನ್ನಾಳಿದ ರಾಷ್ಟ್ರಕೂಟರ ಕಾಲದಲ್ಲಿ ಬಾಳಿ, ಗಣಿತಶಾಸ್ತ್ರಕ್ಕೆ ಸ್ವತಂತ್ರವಾದ ಪೀಠವನ್ನು ನಿರ್ಮಿಸಿಕೊಟ್ಟ ಮಹಾವೀರಾಚಾರ್ಯರು ಇಂತಹ ಮಹನೀಯರಲ್ಲಿ ಅಗ್ರಗಣ್ಯರು. ತಮ್ಮ ತಂದೆತಾಯಿಗಳ ಹೆಸರನ್ನಾಗಲಿ, ಹುಟ್ಟಿದ ಊರನ್ನಾಗಲಿ ಅವರು ತಮ್ಮ ಗ್ರಂಥದಲ್ಲಿ ಬರೆದುಕೊಳ್ಳಲಿಲ್ಲ. ತಾವು ಹಿಂದೆ ಸರಿದು ನಿಂತು ಲೆಕ್ಕವನ್ನು ಮುಂದಿಟ್ಟರು. ಆದುದರಿಂದ ಅವರ ಜೀವನವನ್ನು ಅರಿಯಬೇಕೆಂಬವರು ಅವರ ಲೆಕ್ಕವನ್ನು ಬಿಡಿಸಿ ನೋಡಬೇಕಲ್ಲದೆ ಅನ್ಯಮಾರ್ಗವಿಲ್ಲ.

ಆಚಾರ್ಯರ ಕಾಲ ಕ್ರಿಸ್ತಶಕ ೯ನೆಯ ಶತಮಾನದ ಮಧ್ಯಭಾಗ. ಆಗ ರಾಷ್ಟ್ರಕೂಟ ಸಿಂಹಾಸನದಲ್ಲಿದ್ದವನು ನೃಪತುಂಗನೆಂಬ ಬಿರುದಾಂಕಿತನಾದ ಅಮೋಘವರ್ಷ. ೮೧೪ರಲ್ಲಿ ಎಳೆಯ ವಯಸ್ಸಿನಲ್ಲಿಯೇ ಪಟ್ಟವೇರಿದ ಈತನು ಅರುವತ್ತು ವರ್ಷಗಳಿಗೂ ಮಿಕ್ಕಿ ರಾಜ್ಯಭಾರ ಮಾಡಿದನು. ಅವನ ರಾಜಧಾನಿ ಮಾನ್ಯಖೇಟ. ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ಅದು. ೮೫೧ರ ಸುಮಾರಿಗೆ ಅರಬ್ ವರ್ತಕನಾದ ಸುಲೈಮಾನನ ಹೆಸರಿನಲ್ಲಿ ಬರೆಯಲ್ಪಟ್ಟ ವೃತ್ತಾಂತವು ರಾಷ್ಟ್ರಕೂಟ ಚಕ್ರವರ್ತಿಯನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದೆ. ಪಶ್ಚಿಮ ಸಮುದ್ರದ ರೇವುಗಳ ಮೂಲಕ ಅರಬ್ ವರ್ತಕರೊಡನೆ ಈ ಸಾಮ್ರಾಜ್ಯವು ವ್ಯಾಪಾರ ನಡೆಸುತ್ತಿತ್ತು.

ಅಮೋಘವರ್ಷನ ನಿಜವಾದ ಕೀರ್ತಿ ಖಡ್ಗದಿಂದ ಬಂದುದಲ್ಲ, ವಿದ್ಯೆಯಿಂದ ಬಂದುದು. ಕನ್ನಡದಲ್ಲಿ ನಮಗೆ ದೊರೆತಿರುವ ಮೊತ್ತಮೊದಲ ಗ್ರಂಥವಾದ ಕವಿರಾಜಮಾರ್ಗವು ಶ್ರೀವಿಜಯನಿಂದ ರಚಿತವಾದುದು ಈತನ ಆಸ್ಥಾನದಲ್ಲಿಯೇ. ಆದಿಪುರಾಣವನ್ನು ಆರಂಭಿಸಿದ ಜಿನಸೇನಾಚಾರ್ಯರು ಈತನಿಗೆ ಗುರುಗಳು. ಶಾಕಟಾಯನನ ವ್ಯಾಕರಣಕ್ಕೆ ಅಮೋಘವೃತ್ತಿಯೆಂಬ ವ್ಯಾಖ್ಯಾನವು ಇವನ ಹೆಸರನ್ನೇ ಹೊತ್ತು ಮೆರೆಯಿತು. ಜೈನಧರ್ಮದಲ್ಲಿ ಆಸಕ್ತನಾದ ಇದೇ ದೊರೆಯು ನಾಡಿಗೆ ಬಂದ ವಿಪತ್ತಿನ ನಿವಾರಣೆಗಾಗಿ ಮಹಾಲಕ್ಷ್ಮಿಗೆ ತನ್ನ ಬೆರಳನ್ನೇ ಅರ್ಪಿಸಿದನೆಂದು ೮೭೧ರ ಸಂಜಾನ್ ತಾಮ್ರಶಾಸನ ಹೇಳುತ್ತದೆ. ಮತಭೇದವನ್ನು ಎಣಿಸದೆ ವಿದ್ಯೆಗೂ ಭಕ್ತಿಗೂ ಎಡೆಯಿತ್ತ ಇಂತಹ ಕಾಲದಲ್ಲಿ ಕಾವ್ಯ, ಲಕ್ಷಣ, ವ್ಯಾಕರಣಗಳ ಸಾಲಿನಲ್ಲಿ ಗಣಿತಕ್ಕೂ ಮಣೆ ದೊರೆತುದು ಸಹಜವೇ ಸರಿ. ಮಹಾವೀರಾಚಾರ್ಯರು ತಮ್ಮ ಗ್ರಂಥಾರಂಭದಲ್ಲಿ ಜಿನೇಶ್ವರನಿಗೆ ವಂದಿಸಿದ ಬಳಿಕ ಈ ಅರಸನ ಆಳ್ವಿಕೆಯನ್ನು ಹರಸಿದ್ದಾರೆ. ಅವರ ಕಾಲನಿರ್ಣಯಕ್ಕೆ ಇದೇ ಮುಖ್ಯ ಆಧಾರ.

ಆ ಗ್ರಂಥವೇ ಗಣಿತಸಾರಸಂಗ್ರಹ. ಸಂಸ್ಕೃತ ಶ್ಲೋಕರೂಪದಲ್ಲಿರುವ ಇದು ಸಾವಿರದ ನೂರಕ್ಕೂ ಹೆಚ್ಚು ಪದ್ಯಗಳಿಂದ ಕೂಡಿದೆ. ಇದಕ್ಕೆ ಹಿಂದೆ ಆರ್ಯಭಟನೂ ಬ್ರಹ್ಮಗುಪ್ತನೂ ಗಣಿತವನ್ನು ನಿರೂಪಿಸಿದ್ದರು. ಆದರೆ ಅವರ ಗ್ರಂಥಗಳಲ್ಲಿ ಗಣಿತವು ಗ್ರಹನಕ್ಷತ್ರಗಳ ಶಾಸ್ತ್ರಕ್ಕೆ ಸಹಾಯಕವಾಗಿ ಒಂದೆರಡು ಅಧ್ಯಾಯಗಳಲ್ಲಿ ಬಂದಿತ್ತು. ಮಹಾವೀರಾಚಾರ್ಯರಾದರೋ ಇಡೀ ಗ್ರಂಥವನ್ನೇ ಗಣಿತಕ್ಕೆ ಮೀಸಲಿಟ್ಟರು. ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ತರ್ಕ, ವ್ಯಾಕರಣ ಮೊದಲಾದ ಯಾವ ವಿದ್ಯೆಯೂ ಗಣಿತವನ್ನು ಬಿಟ್ಟು ನಡೆಯಲಾರದೆಂಬುದನ್ನು ಅವರು ಪೀಠಿಕೆಯಲ್ಲಿಯೇ ವಿಸ್ತಾರವಾಗಿ ಪ್ರತಿಪಾದಿಸಿದರು. ಅಂಗಡಿಯವನಿಗೂ ಅಡುಗೆಯವನಿಗೂ ಬೇಕಾದ ವಿದ್ಯೆ ಇದೆಂದು ಅವರು ಬಗೆದರು. ಗಣಿತವು ಕೆಲವರೇ ಪಂಡಿತರ ಸೊತ್ತೆಂಬ ಭಾವನೆಯನ್ನು ಅವರು ಅಂದೇ ಅಲ್ಲಗಳೆದಂತಾಯಿತು.

ಗ್ರಂಥದ ಅಧ್ಯಾಯಗಳು ಒಂಬತ್ತು. ಅಳತೆ ತೂಕಗಳ ಪರಿಭಾಷೆ, ಗುಣಾಕಾರ ಭಾಗಾಕಾರ ಮೊದಲಾದ ಪರಿಕರ್ಮಗಳು, ಭಿನ್ನರಾಶಿ, ಭಿನ್ನರಾಶಿಯ ಪ್ರಕೀರ್ಣಕ ಲೆಕ್ಕಗಳು, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಹಳ್ಳ ಕಟ್ಟಡಗಳ ಘನಫಲ, ನೆರಳಿನ ಲೆಕ್ಕ ಎಂಬುದಾಗಿ ಅವುಗಳ ಕ್ರಮ. ಈ ಒಂಬತ್ತನ್ನೂ ಆಚಾರ್ಯರು ಒಂದು ಸಮುದ್ರದ ರೂಪಕದಲ್ಲಿ ಹೆಣೆದಿದ್ದಾರೆ. ಆ ಸಾಗರದಲ್ಲಿ ಪರಿಕರ್ಮಗಳು ದಡಗಳು, ಭಿನ್ನರಾಶಿಗಳು ಮೀನುಗಳು, ಪ್ರಕೀರ್ಣಕವು ದೊಡ್ಡ ಮೊಸಳೆ, ತ್ರೈರಾಶಿಕವು ಅಲೆಗಳು. ಭಿನ್ನರಾಶಿಯ ಬಗೆಬಗೆಯ ಪ್ರಶ್ನೆಗಳು ಅಂದಿನ ವಿದ್ಯಾರ್ಥಿಗಳಿಗೂ ಮೊಸಳೆಯಂತೆಯೇ ತೋರುತ್ತಿದ್ದುವೆಂಬುದನ್ನು ಗುರುವಾದವರು ಚೆನ್ನಾಗಿ ಬಲ್ಲವರಾಗಿದ್ದರು.

ಅಲೆಗಳಿಗೆ ಹೋಲಿಸಿದ ಆ ತ್ರೈರಾಶಿಕದ ಅಧ್ಯಾಯದಲ್ಲಿಯೇ ಗತಿನಿವೃತ್ತಿಯೆಂಬ ಒಂದು ಪ್ರಕರಣವಿದೆ. ಗತಿಯೆಂದರೆ ಮುನ್ನಡೆ, ನಿವೃತ್ತಿಯೆಂದರೆ ಹಿನ್ನಡೆ. ಒಂದು ವಸ್ತುವು ಒಂದು ಬಲದಿಂದ ಮುಂದಕ್ಕೆ ಸಾಗುತ್ತ, ಇನ್ನೊಂದು ಬಲದಿಂದ ಹಿಂದಕ್ಕೆ ತಳ್ಳಲ್ಪಡುತ್ತ ಇದ್ದರೆ ಗುರಿ ಮುಟ್ಟುವುದು ಎಂದಿಗೆ? ಇಂದು ಪ್ರೌಢಶಾಲೆಯ ಮಕ್ಕಳು ಬೀಜಗಣಿತದಲ್ಲಿ ಎದುರಿಸುವ ದೋಣಿ ಮತ್ತು ಪ್ರವಾಹದ ಲೆಕ್ಕಗಳ ಹುಟ್ಟು ಇಂತಹ ಪ್ರಶ್ನೆಯಲ್ಲಿಯೇ. ಆಚಾರ್ಯರು ಇದಕ್ಕೆ ಕೊಟ್ಟ ನಿಯಮ ಅತ್ಯಂತ ಸರಳ. ಮುನ್ನಡೆಯನ್ನು ಅದರ ಕಾಲದಿಂದಲೂ ಹಿನ್ನಡೆಯನ್ನು ಅದರ ಕಾಲದಿಂದಲೂ ಪ್ರತ್ಯೇಕವಾಗಿ ಭಾಗಿಸಿ, ಒಂದೊಂದು ದಿನದ ಗತಿಯನ್ನು ಮೊದಲು ಗೊತ್ತುಮಾಡಬೇಕು. ಆಮೇಲೆ ಮುನ್ನಡೆಯಲ್ಲಿ ಹಿನ್ನಡೆಯನ್ನು ಕಳೆಯಬೇಕು. ಉಳಿದುದೇ ನಿಜವಾದ ದಿನಗತಿ. ಅದರ ಮೇಲೆ ತ್ರೈರಾಶಿಕವನ್ನು ನಡೆಸಬೇಕು.

ಈ ನಿಯಮಕ್ಕೆ ಉದಾಹರಣೆಯಾಗಿ ಅವರು ಕಡಲಲ್ಲಿ ಸಾಗುವ ಹಡಗೊಂದನ್ನು ತೆಗೆದುಕೊಂಡರು. ಆ ಹಡಗು ದಿನದ ೩/೭ ಭಾಗದಷ್ಟು ಕಾಲದಲ್ಲಿ ಕ್ರೋಶದ ೧/೫ ಭಾಗ ಮುಂದಕ್ಕೆ ಹೋಗುತ್ತದೆ. ಎದುರುಗಾಳಿಯು ಅಷ್ಟೇ ಕಾಲದಲ್ಲಿ ಅದನ್ನು ಕ್ರೋಶದ ೧/೯ ಭಾಗ ಹಿಂದಕ್ಕೆ ತಳ್ಳುತ್ತದೆ. ಹೀಗಿರಲು ೯೯ ಯೋಜನ ಮತ್ತು ಯೋಜನದ ೨/೫ ಭಾಗ ದೂರವನ್ನು ಅದು ಎಷ್ಟು ಕಾಲದಲ್ಲಿ ದಾಟುವುದೆಂಬುದು ಪ್ರಶ್ನೆ. ಅವರ ಮಾನದಂತೆ ಯೋಜನಕ್ಕೆ ನಾಲ್ಕು ಕ್ರೋಶ.

ಅವರ ಕ್ರಮವನ್ನೇ ಅನುಸರಿಸಿ ನಡೆದರೆ ತೊಡಕು ತಾನಾಗಿಯೇ ಬಿಡುತ್ತದೆ. ೧/೫ನ್ನು ೩/೭ರಿಂದ ಭಾಗಿಸಿದರೆ ಹಡಗಿನ ದಿನದ ಮುನ್ನಡೆ ೭/೧೫ ಕ್ರೋಶ. ೧/೯ನ್ನು ೩/೭ರಿಂದ ಭಾಗಿಸಿದರೆ ದಿನದ ಹಿನ್ನಡೆ ೭/೨೭ ಕ್ರೋಶ. ಎರಡನ್ನೂ ೧೩೫ರ ಛೇದಕ್ಕೆ ತಂದರೆ ಮುನ್ನಡೆ ೬೩ ಭಾಗ, ಹಿನ್ನಡೆ ೩೫ ಭಾಗ, ಉಳಿದದ್ದು ೨೮ ಭಾಗ. ಅಂದರೆ ನಿಜವಾದ ದಿನಗತಿ ೨೮/೧೩೫ ಕ್ರೋಶ. ದಾಟಬೇಕಾದ ದೂರ ೩೯೭ ಕ್ರೋಶ ಮತ್ತು ೩/೫ ಭಾಗ. ಇದನ್ನು ದಿನಗತಿಯಿಂದ ಭಾಗಿಸಿದರೆ ಬರುವ ಉತ್ತರ ೧೯೧೭ ದಿನಗಳು. ವರ್ಷಕ್ಕೆ ೩೬೦ ದಿನಗಳಂತೆ ೫ ವರ್ಷ ೧೧೭ ದಿನ. ಗಾಳಿಯ ವಿರೋಧವೇ ಇರದಿದ್ದರೆ ಇದೇ ಹಡಗು ೮೫೨ ದಿನಗಳಲ್ಲಿ ದಡ ಸೇರುತ್ತಿತ್ತು. ಕಾಲವು ಇಮ್ಮಡಿಗೂ ಮಿಕ್ಕಿತು, ನಿಜ. ಆದರೂ ಮುನ್ನಡೆಯು ಹಿನ್ನಡೆಗಿಂತ ಒಂದಿಷ್ಟು ಹೆಚ್ಚಾಗಿರುವ ತನಕ ದಡ ಸೇರುವುದು ನಿಶ್ಚಿತವೇ. ಎರಡೂ ಸಮವಾದರೆ ಹಡಗು ನಿಂತಲ್ಲಿಯೇ ನಿಲ್ಲುತ್ತದೆ. ಹಿನ್ನಡೆಯೇ ಹೆಚ್ಚಾದರೆ ಹೊರಟ ರೇವಿಗಿಂತಲೂ ಹಿಂದಕ್ಕೆ ಹೋಗುತ್ತದೆ.

ಇದೇ ನಿಯಮವನ್ನು ಆಚಾರ್ಯರು ಬೇರೆ ಬೇರೆ ವೇಷಗಳಲ್ಲಿ ವಿದ್ಯಾರ್ಥಿಯ ಮುಂದೆ ನಿಲ್ಲಿಸಿದರು. ಹೊನ್ನನ್ನು ಗಳಿಸುತ್ತ, ಜೊತೆಗೇ ವೆಚ್ಚ ಮಾಡುತ್ತ ಇರುವ ಮನುಷ್ಯನು ಇಂತಿಷ್ಟು ಧನಕ್ಕೆ ಒಡೆಯನಾಗುವುದು ಎಂದಿಗೆ ಎಂಬುದೊಂದು. ಬಾವಿಯಲ್ಲಿ ನೀರು ಇಳಿಯುತ್ತಿರಲು, ತಳದಿಂದ ಬೆಳೆಯುತ್ತಿರುವ ತಾವರೆಯು ನೀರಿನ ಮಟ್ಟವನ್ನು ಮುಟ್ಟುವುದು ಎಂದಿಗೆ ಎಂಬುದು ಮತ್ತೊಂದು. ಎಲ್ಲಕ್ಕಿಂತಲೂ ಸ್ವಾರಸ್ಯವಾದುದು ಕರಿಯ ಹಾವಿನ ಲೆಕ್ಕ. ೩೨ ಹಸ್ತ ಉದ್ದದ ಹಾವು ದಿನದ ೫/೧೪ ಭಾಗದಲ್ಲಿ ಏಳೂವರೆ ಅಂಗುಲದಂತೆ ಹುತ್ತವನ್ನು ಹೊಗುತ್ತಿದೆ. ಅತ್ತ ಅದರ ಬಾಲವು ಕಾಲು ದಿನಕ್ಕೆ ಎರಡೂ ಮುಕ್ಕಾಲು ಅಂಗುಲದಂತೆ ಬೆಳೆಯುತ್ತಿದೆ. ಒಳಹೊಗುವುದು ದಿನಕ್ಕೆ ೨೧ ಅಂಗುಲ, ಬೆಳೆಯುವುದು ೧೧ ಅಂಗುಲ, ನಿಜವಾಗಿ ಒಳಗಾಗುವುದು ೧೦ ಅಂಗುಲ. ಹಸ್ತಕ್ಕೆ ೨೪ ಅಂಗುಲದಂತೆ ಹಾವಿನ ಉದ್ದ ೭೬೮ ಅಂಗುಲ. ಆದುದರಿಂದ ಅದು ಪೂರ್ಣವಾಗಿ ಹುತ್ತವನ್ನು ಸೇರಲು ೭೬ ದಿನ ಮತ್ತು ದಿನದ ೪/೫ ಭಾಗ ಬೇಕು. ಹಡಗು, ಹೊನ್ನು, ತಾವರೆ, ಹಾವು ಇವೆಲ್ಲವೂ ಹೊರಗಿನ ತೊಡವುಗಳು. ಒಳಗಿನ ತಿರುಳು ಒಂದೇ. ಈ ಏಕತೆಯನ್ನು ಕಾಣಿಸುವುದೇ ಗುರುವಿನ ಗುರುತ್ವ.

ಇಂದಿನ ಪಠ್ಯಪುಸ್ತಕದ ದೋಣಿಯು ಈ ಹಡಗಿನ ಸಂತತಿಯೇ ಸರಿ. ತುಂಗಭದ್ರೆಯಲ್ಲಿಯೋ ಕೃಷ್ಣೆಯಲ್ಲಿಯೋ ದೋಣಿಯೊಂದು ಪ್ರವಾಹದ ದಿಕ್ಕಿನಲ್ಲಿ ೨೪ ಕಿಲೋಮೀಟರು ದೂರವನ್ನು ೨ ಗಂಟೆಗಳಲ್ಲಿಯೂ, ಪ್ರವಾಹಕ್ಕೆ ಎದುರಾಗಿ ಅಷ್ಟೇ ದೂರವನ್ನು ೩ ಗಂಟೆಗಳಲ್ಲಿಯೂ ಕ್ರಮಿಸಿತೆನ್ನೋಣ. ನಿಂತ ನೀರಿನಲ್ಲಿ ದೋಣಿಯ ವೇಗವೆಷ್ಟು, ಪ್ರವಾಹದ ವೇಗವೆಷ್ಟು ಎಂಬುದು ಪ್ರಶ್ನೆ. ಇಲ್ಲಿ ಮಕ್ಕಳು ತಪ್ಪುವುದು ಸಾಮಾನ್ಯವಾಗಿ ಮೊದಲ ಹೆಜ್ಜೆಯಲ್ಲಿಯೇ. ಎರಡು ಗಂಟೆಯನ್ನು ಮೂರು ಗಂಟೆಯಲ್ಲಿ ಕಳೆಯಲು ಅವರು ಹೊರಡುತ್ತಾರೆ. ಕಳೆಯಬೇಕಾದುದು ಕಾಲವನ್ನಲ್ಲ, ಗತಿಯನ್ನು. ಅದೂ ಎರಡನ್ನೂ ಒಂದೇ ಕಾಲಮಾನಕ್ಕೆ ತಂದ ಬಳಿಕ. ಆಚಾರ್ಯರ ನಿಯಮದ ಮೊದಲ ಮಾತು ಇದೇ ಆಗಿತ್ತು. ಗಂಟೆಯೊಂದಕ್ಕೆ ಪ್ರವಾಹದೊಡನೆ ೧೨, ಪ್ರವಾಹಕ್ಕೆ ಎದುರಾಗಿ ೮ ಕಿಲೋಮೀಟರು ಎಂಬುದು ಗೊತ್ತಾದೊಡನೆ ಅರ್ಧ ಲೆಕ್ಕ ಮುಗಿದಂತೆ.

ಉಳಿದರ್ಧಕ್ಕೂ ಆಚಾರ್ಯರ ಗ್ರಂಥದಲ್ಲಿಯೇ ಕೀಲಿಕೈ ಇದೆ. ಎರಡು ಅವ್ಯಕ್ತ ರಾಶಿಗಳ ಮೊತ್ತವೂ ಅಂತರವೂ ತಿಳಿದಿದ್ದರೆ ಆ ರಾಶಿಗಳನ್ನು ಕಂಡುಹಿಡಿಯುವ ಕ್ರಮಕ್ಕೆ ನಮ್ಮ ಶಾಸ್ತ್ರಕಾರರು ಸಂಕ್ರಮಣವೆಂದು ಹೆಸರಿಟ್ಟರು. ಮಿಶ್ರಕ ವ್ಯವಹಾರದ ಆರಂಭದಲ್ಲಿ ಮಹಾವೀರಾಚಾರ್ಯರು ಇದನ್ನು ನಿರೂಪಿಸಿದ್ದಾರೆ. ಮೊತ್ತಕ್ಕೆ ಅಂತರವನ್ನು ಕೂಡಿ ಅರ್ಧಿಸಿದರೆ ದೊಡ್ಡ ರಾಶಿ. ಮೊತ್ತದಲ್ಲಿ ಅಂತರವನ್ನು ಕಳೆದು ಅರ್ಧಿಸಿದರೆ ಚಿಕ್ಕ ರಾಶಿ. ಪ್ರಸ್ತುತ ಲೆಕ್ಕದಲ್ಲಿ ದೋಣಿ ಮತ್ತು ಪ್ರವಾಹಗಳ ವೇಗದ ಮೊತ್ತ ೧೨, ಅಂತರ ೮. ಎರಡನ್ನೂ ಕೂಡಿದರೆ ೨೦, ಅದರ ಅರ್ಧವಾದ ೧೦ ದೋಣಿಯ ವೇಗ. ಕಳೆದರೆ ೪, ಅದರ ಅರ್ಧವಾದ ೨ ಪ್ರವಾಹದ ವೇಗ. ಇಂದಿನವರು ಎಕ್ಸ್ ಮತ್ತು ವೈ ಎಂಬ ಅಕ್ಷರಗಳಿಂದ ಎರಡು ಸಮೀಕರಣಗಳನ್ನು ಬರೆದು ಸಾಧಿಸುವುದೂ ಇದನ್ನೇ. ಅಕ್ಷರ ಬೇರೆಯಾದರೂ ಅರ್ಥ ಬೇರೆಯಲ್ಲ.

ಈ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೋಗುವಾಗ ಪ್ರವಾಹವು ಕೊಟ್ಟ ಸಹಾಯವೂ ಬರುವಾಗ ಅದು ಒಡ್ಡಿದ ವಿಘ್ನವೂ ಸರಿಸಮವಾಗಿ ಒಂದಕ್ಕೊಂದು ಹೋಗಲಾಡಿಸಿಕೊಳ್ಳುತ್ತವೆಂದು ಮೇಲುನೋಟಕ್ಕೆ ತೋರುತ್ತದೆ. ಹಾಗಲ್ಲ. ನಿಂತ ನೀರಿನಲ್ಲಿ ೪೮ ಕಿಲೋಮೀಟರಿನ ಹೋಗಿಬರುವ ಪಯಣಕ್ಕೆ ೪ ಗಂಟೆ ೪೮ ನಿಮಿಷ ಸಾಕು. ಹರಿಯುವ ನೀರಿನಲ್ಲಿ ೫ ಗಂಟೆಯಾಯಿತು. ಹನ್ನೆರಡು ನಿಮಿಷದ ನಷ್ಟಕ್ಕೆ ಕಾರಣವೇನೆಂದರೆ, ಸಹಾಯ ದೊರೆತ ಹಾದಿ ಬೇಗ ಮುಗಿಯುತ್ತದೆ, ವಿರೋಧವಿರುವ ಹಾದಿ ಬಹಳ ಹೊತ್ತು ನಡೆಯುತ್ತದೆ. ಸುಖದ ಕಾಲ ಚಿಕ್ಕದಾಗಿಯೂ ಕಷ್ಟದ ಕಾಲ ದೊಡ್ಡದಾಗಿಯೂ ಕಾಣುವುದು ಮನಸ್ಸಿನ ಭ್ರಮೆಯೆಂದು ಲೋಕ ಹೇಳುವುದುಂಟು. ದೋಣಿಯ ವಿಷಯದಲ್ಲಿ ಅದು ಭ್ರಮೆಯಲ್ಲ, ಲೆಕ್ಕಕ್ಕೆ ಸಿಕ್ಕುವ ಸತ್ಯ. ಹೊಳೆಯನ್ನು ನಿತ್ಯವೂ ದಾಟುವ ಅಂಬಿಗನು ಇದನ್ನು ತೋಳಿನಿಂದ ಬಲ್ಲನು. ಗಣಿತವು ಅದನ್ನು ಬುದ್ಧಿಗೆ ತಿಳಿಸಿಕೊಡುತ್ತದೆ.

ಆಚಾರ್ಯರ ಪ್ರತಿಭೆ ವ್ಯವಹಾರದ ಲೆಕ್ಕಗಳಿಗಷ್ಟೇ ಸೀಮಿತವಾಗಿರಲಿಲ್ಲ. ಯಾವ ರಾಶಿಯನ್ನು ಅದರಿಂದಲೇ ಗುಣಿಸಿದರೂ ಋಣರಾಶಿ ಬಾರದಾದುದರಿಂದ ಋಣರಾಶಿಗೆ ವರ್ಗಮೂಲವಿಲ್ಲವೆಂಬ ಸೂಕ್ಷ್ಮವನ್ನು ಅವರು ಗುರುತಿಸಿದರು. ಇಂತಿಷ್ಟು ವಸ್ತುಗಳಲ್ಲಿ ಇಂತಿಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟರು. ಆರು ರಸಗಳನ್ನು ಒಂದೊಂದಾಗಿಯೂ ಬೆರಸಿಯೂ ಮಾಡಬಹುದಾದ ರುಚಿಭೇದಗಳು ಆ ಸೂತ್ರದಂತೆ ೬೩. ಭಿನ್ನರಾಶಿಗಳನ್ನು ಕೂಡುವಾಗ ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸುವ ಕ್ರಮವನ್ನು ನಿರುದ್ಧವೆಂಬ ಹೆಸರಿನಿಂದ ಬೋಧಿಸಿದರು. ಏಕದಿಂದ ಮಹಾಕ್ಷೋಭದವರೆಗೆ ೨೪ ಸಂಖ್ಯಾಸ್ಥಾನಗಳನ್ನು ಹೆಸರಿಸಿದರು.

ಮಕ್ಕಳ ಮನಸ್ಸನ್ನು ಸೆಳೆಯಲು ಅವರು ಪೋಣಿಸಿದ ಅಂಕಿಗಳ ಕಂಠಾಭರಣಗಳನ್ನಂತೂ ಮರೆಯುವಂತಿಲ್ಲ. ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ೧೧೧೧೧೧೧೧೧. ೧೪೨೮೫೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೦೦೦೦೦೧. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಈ ಸಂಖ್ಯೆಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿ ಆನಂದಿಸಿದರು. ಹಾಗೆಂದು ಅವರ ಮಾತೆಲ್ಲವೂ ಕಾಲದ ಪರೀಕ್ಷೆಯಲ್ಲಿ ನಿಂತಿತೆಂದಲ್ಲ. ಸೊನ್ನೆಯಿಂದ ಭಾಗಿಸಿದರೆ ರಾಶಿಯು ಬದಲಾಗದೆ ಉಳಿಯುತ್ತದೆಂದು ಅವರು ಬರೆದರು. ೧೧೫೦ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯರು ಅಂತಹ ರಾಶಿಯನ್ನು ಖಹರವೆಂದು ಕರೆದು ಅನಂತವೆಂದು ಬಗೆದರು. ಇಂದಿನ ಗಣಿತವು ಆ ಭಾಗಾಕಾರಕ್ಕೆ ಅರ್ಥವೇ ಇಲ್ಲವೆನ್ನುತ್ತದೆ. ಶಾಸ್ತ್ರವು ಬೆಳೆಯುವುದು ಹೀಗೆಯೇ. ಹಿರಿಯರು ನಿಲ್ಲಿಸಿದ ಕಡೆಯಿಂದ ಕಿರಿಯರು ನಡೆಯಬೇಕು. ಇದರಿಂದ ಹಿರಿಯರ ಗೌರವಕ್ಕೆ ಊನವಿಲ್ಲ.

ಗ್ರಂಥವು ಆಚಾರ್ಯರ ತರುವಾಯ ದಕ್ಷಿಣದಲ್ಲೆಲ್ಲ ಹಬ್ಬಿತು. ೧೧ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ೧೨ನೆಯ ಶತಮಾನದಲ್ಲಿ ಕನ್ನಡದ ರಾಜಾದಿತ್ಯನು ವ್ಯವಹಾರಗಣಿತ ಮೊದಲಾದ ಗ್ರಂಥಗಳನ್ನು ನಮ್ಮ ನುಡಿಯಲ್ಲಿಯೇ ರಚಿಸಿ, ಗಣಿತವನ್ನು ಕನ್ನಡದಲ್ಲಿ ಹೇಳಬಹುದೆಂಬುದನ್ನು ತೋರಿಸಿಕೊಟ್ಟನು. ಆಚಾರ್ಯರ ಮೂಲಕ್ಕೆ ವಲ್ಲಭನೆಂಬ ವಿದ್ವಾಂಸನು ಕನ್ನಡದಲ್ಲಿ ಟೀಕೆಯನ್ನು ಬರೆದನು. ಆದರೆ ಕಾಲಾಂತರದಲ್ಲಿ ಗಣಿತಸಾರಸಂಗ್ರಹದ ಹೆಸರು ಪಂಡಿತಲೋಕದಲ್ಲಿಯೂ ಮಸುಕಾಯಿತು. ಅದು ಸಂಪೂರ್ಣವಾಗಿ ನಶಿಸಿ ಹೋಗದಂತೆ ಕಾಪಾಡಿದ ಕೀರ್ತಿ ಅದನ್ನು ತಾಳೆಗರಿಗಳಲ್ಲಿ ನಕಲು ಮಾಡಿ ಬಟ್ಟೆ ಸುತ್ತಿ ಇಟ್ಟುಕೊಂಡ ಮನೆಗಳಿಗೂ ಮಠಗಳಿಗೂ ಸಲ್ಲಬೇಕು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಮದರಾಸು, ಮೈಸೂರು, ಮೂಡಬಿದಿರೆಗಳಿಂದ ಹಸ್ತಪ್ರತಿಗಳನ್ನು ಕೂಡಿಸಿ ಹೋಲಿಸಿದರು. ಅವುಗಳಲ್ಲಿ ಕನ್ನಡ ಲಿಪಿಯ ತಾಳೆಗರಿಯೂ ಇದ್ದಿತು. ಅವರು ಇಂಗ್ಲಿಷ್ ಅನುವಾದದೊಡನೆ ಸಿದ್ಧಪಡಿಸಿದ ಗ್ರಂಥವು ೧೯೧೨ರಲ್ಲಿ ಮದರಾಸು ಸರಕಾರದಿಂದ ಪ್ರಕಟವಾದಾಗ, ಸಾವಿರ ವರ್ಷಗಳ ಹಿಂದಿನ ಗುರುವೊಬ್ಬರು ಮತ್ತೆ ಪಾಠಕ್ಕೆ ಬಂದು ಕುಳಿತಂತಾಯಿತು. ಅಮೆರಿಕದ ಗಣಿತೇತಿಹಾಸಜ್ಞ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಪ್ರಸ್ತಾವನೆ ಬರೆದನು. ಕೊನೆಗೆ ೨೦೦೦ದಲ್ಲಿ ಗಣಿತ ಪ್ರಾಧ್ಯಾಪಿಕೆ ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆ ಇದು ಹೊಂಬುಜದಿಂದ ಹೊರಬಂದಿತು. ಹೀಗೆ ಕನ್ನಡ ದೊರೆಯ ಕಾಲದಲ್ಲಿ ಹುಟ್ಟಿದ ಗ್ರಂಥವು ಹನ್ನೊಂದು ಶತಮಾನಗಳು ಕಳೆದ ಮೇಲೆ ಕನ್ನಡದ ಮಕ್ಕಳ ಕೈಗೆ ಕನ್ನಡದಲ್ಲಿ ದೊರೆಯಿತು.

ಗಣಿತವೆಂದೊಡನೆ ಅಂಜಿ ಪುಸ್ತಕವನ್ನು ಮುಚ್ಚುವ ಮಕ್ಕಳು ಪ್ರತಿಯೊಂದು ಶಾಲೆಯಲ್ಲಿಯೂ ಇದ್ದಾರೆ. ಒಂದು ವಿಷಯದ ಅಂಜಿಕೆಯಿಂದಲೇ ವಿದ್ಯೆಯನ್ನು ಪೂರ್ತಿಯಾಗಿ ತ್ಯಜಿಸಿದವರೂ ಹಳ್ಳಿಗಳಲ್ಲಿ ಕಡಮೆಯಿಲ್ಲ. ಈ ವಿದ್ಯೆಯು ಪರದೇಶದಿಂದ ಬಂದುದು, ತಮ್ಮಂಥವರಿಗೆ ದಕ್ಕುವಂಥದಲ್ಲ ಎಂಬ ಹೀನಭಾವವು ಅವರ ದೋಣಿಗೆ ಎದುರಾದ ದೊಡ್ಡ ಪ್ರವಾಹ. ಕಾಯಕಕ್ಕೆ ಕೈಲಾಸದ ಪದವಿಯನ್ನಿತ್ತ ಶರಣರ ನಾಡು ಇದು. ಭಂಡಾರದ ಲೆಕ್ಕವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನವರೂ ಹೊಳೆ ದಾಟಿಸುತ್ತಿದ್ದ ಅಂಬಿಗರ ಚೌಡಯ್ಯನವರೂ ಸಮಾನರಾಗಿ ಕುಳಿತ ನಾಡು. ಶರಣರಿಗೂ ಮೂರು ಶತಮಾನಗಳಷ್ಟು ಹಿಂದೆ ಇದೇ ನೆಲದ ಆಚಾರ್ಯರೊಬ್ಬರು ಎದುರುಗಾಳಿಯ ಹಡಗನ್ನು ದಡ ಮುಟ್ಟಿಸುವ ಲೆಕ್ಕವನ್ನು ಕಲಿಸಿದರೆಂಬುದನ್ನು ಅರಿತ ವಿದ್ಯಾರ್ಥಿಗೆ ಗಣಿತವು ಅನ್ಯವೆನಿಸಲಾರದು. ಮಹಾವೀರಾಚಾರ್ಯರ ಸ್ಮರಣೆಯೆಂದರೆ ಅವರ ಹೆಸರಿಗೆ ಜಯಕಾರ ಹಾಕುವುದಷ್ಟೇ ಅಲ್ಲ. ಹಲಗೆ ಬಳಪ ಹಿಡಿದು ಕುಳಿತು, ಆ ೧೯೧೭ ದಿನಗಳ ಲೆಕ್ಕವನ್ನು ಸ್ವಂತ ಬುದ್ಧಿಯಿಂದ ಒಮ್ಮೆ ಬಿಡಿಸುವುದೇ ಆ ಹಿರಿಯ ಚೇತನಕ್ಕೆ ಸಲ್ಲಿಸಬಹುದಾದ ನಿಜವಾದ ಗೌರವ.